ಬೀಗರ ಚಾಕು

ಮಗ್ಗದ ಮನೆಯ ಬಾಗಿಲು ಮೊದಲು ತೆರೆದವಳು ಜಯಕ್ಕ. ಅವಳು ಕೂಗಲಿಲ್ಲ, ಅಳಲಿಲ್ಲ. ಹೊರಗೆ ಬಂದು ಅಂಗಳದ ಕಲ್ಲಿನ ಮೇಲೆ ಸುಮ್ಮನೆ ಕುಳಿತುಬಿಟ್ಟಳು. ಏನಾಯಿತೋ ಎಂದು ಒಳಗೆ ನುಗ್ಗಿದವರು ನಾವು.

ಮಗ್ಗದ ಮೇಲಿದ್ದ ಕರಿ ಕಂಬಳಿಯ ಹಾಸಿನ ಉದ್ದ ಎಳೆಗಳನ್ನು ಯಾರೋ ಅಡ್ಡಕ್ಕೆ ಕತ್ತರಿಸಿದ್ದರು. ಮುಕ್ಕಾಲು ನೇಯ್ದ ಕಂಬಳಿ ಒಂದು ಕಡೆ ಕುಸಿದಿತ್ತು. ಇನ್ನೂ ನೇಯದ ಎಳೆಗಳು ಇನ್ನೊಂದು ಕಡೆ ಜೋತು ಬಿದ್ದಿದ್ದವು. ನೇಯುವವನು ಕಾಲು ಇಳಿಬಿಡುವ ಮಗ್ಗದ ಗುಣಿಯಲ್ಲಿ ಒಂದು ಮಡಚುವ ಚಾಕು! ಎರಡು ಅಲಗಿನದು. ಅದರಲ್ಲಿ ಸಣ್ಣ ಅಲಗು ಮಾತ್ರ ತೆರೆದಿತ್ತು.

“ಇದು ಜಂಬಪ್ಪನ ಚಾಕು,” ಎಂದ ಜಯಕ್ಕನ ಸೋದರಮಾವ ಮಾರಣ್ಣ.

ಜಂಬಪ್ಪ ಎಂದರೆ ಮದುಮಗ! ನಾಡಿದ್ದು ಅವನಿಗೂ ಜಯಕ್ಕನಿಗೂ ಮದುವೆ. ಆ ಮನೆತನದಲ್ಲಿ ಹೆಣ್ಣಿನ ತಂದೆ ತನ್ನ ಕುರಿಗಳ ಉಣ್ಣೆಯಿಂದ ತಾನೇ ಕಂಬಳಿ ನೇಯ್ದು ಹಾಸುತ್ತಾನೆ. ಅದರ ಮೇಲೆ ಕುಳಿತರೇ ಮದುವೆ. ಅದನ್ನು ಮದುಮಗನೇ ಕತ್ತರಿಸಿದ ಎಂದರೆ ನಿಮ್ಮ ಹೆಣ್ಣು ಬೇಡ ಎಂದು ಮುಖಕ್ಕೆ ಉಗಿದಂತೆ.

ಜಯಕ್ಕನ ತಂದೆ ಯರ್ರೆಪ್ಪ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರಲಿಲ್ಲ.

“ಸಂಜೀಗೆ ಹಿರಿಯರನ್ನ ಕೂಡಸ್ತೀನಿ,” ಎಂದ. “ಕೊಟ್ಟ ಮಾತು ಅವರ ಮುಂದ ವಾಪಸ್ ತಗೊಂತೀನಿ. ಮುಗೀತು.”

“ಸಂಜೀತನ ಟೈಮ್ ಐತಲ್ಲ,” ಎಂದರು ನಮ್ಮ ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ ಬಜಾರಪ್ಪ, ಆದವಾನಿಯ ಹತ್ತಿ ದಲ್ಲಾಳಿ. ಯರ್ರೆಪ್ಪನ ಹಳೆಯ ಗೆಳೆಯ. ಮದುವೆಗೆಂದು ಆದವಾನಿಯಿಂದ ಆಲೂರಿಗೆ ಬಂದು, ಅಲ್ಲಿಂದ ಗಾಡಿ ಕಟ್ಟಿಸಿಕೊಂಡು ಹಿಂದಿನ ದಿನವೇ ಈ ಹಳ್ಳಿಗೆ ಬಂದಿದ್ದೆವು. ಭಾವನಿಗೆ ಒಂದು ಹುಚ್ಚಿದೆ. ಎರಡು ಅಲಗಿನ ಚಾಕು ಎಲ್ಲಿ ಕಂಡರೂ ಕೊಳ್ಳುವುದು, ಒಂದರ ಪಕ್ಕ ಒಂದಿಟ್ಟು ಹೋಲಿಸುವುದು, ಅದನ್ನು ಬೇಡವೆಂದವರಿಗೂ ವಿವರಿಸುವುದು. ಮದುವೆಗೆ ಬರುವಾಗಲೂ ಚಾಕುಗಳನ್ನು ಸುತ್ತಿಟ್ಟ ಬಟ್ಟೆಯ ಸುರುಳಿ ಕಂಕುಳಲ್ಲಿ! ನಮ್ಮ ಅಕ್ಕನ ಪಾಲಿಗೆ ಅದು ಸವತಿ.

ಬೆಳಗಿನಿಂದ ಗಾಳಿ ಬೇರೆ. ಅಂಗಳದ ಧೂಳೆಲ್ಲ ಬಾಯಿಗೆ. ಅಡುಗೆಯವರು ಒಲೆ ಹಚ್ಚಬೇಕೋ ಬೇಡವೋ ಎಂದು ಕೇಳುತ್ತ ಓಡಾಡುತ್ತಿದ್ದರು. ನನಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ.

ಪಕ್ಕದ ಹಳ್ಳಿಯಿಂದ ಜಂಬಪ್ಪನನ್ನು ಕರೆತಂದರು. ಎತ್ತರದ ಹುಡುಗ. ತಲೆಗೂದಲನ್ನು ಚರ್ಮಕ್ಕೆ ಅಂಟುವಂತೆ ಕತ್ತರಿಸಿಕೊಂಡಿದ್ದ. ಮದುವೆಗೆ ಇದೆಂಥ ಷೋಕಿ ಎಂದುಕೊಂಡೆ.

ಭಾವ ಚಾಕು ತೋರಿಸಿದರು. “ನಿಂದೇನು?”

“ನಂದ ರೀ.”

“ಇಲ್ಲಿಗೆ ಹೆಂಗ ಬಂತು?”

“ನಿಜಂಗ ಹೇಳ್ತೀನ್ರಿ, ಗೊತ್ತಿಲ್ಲ. ಹೋದ ವಾರ ಮಾವನ ಕುರಿ ಉಣ್ಣಿ ಕತ್ತರಿಸಾಕ ಬಂದಿದ್ದೆ. ಅವತ್ತ ಉಡದಾರ ಹರೀತು. ಚಾಕು ಎಲ್ಲಿ ಬಿತ್ತೋ, ಎಷ್ಟು ಹುಡುಕಿದ್ರೂ ಸಿಗಲಿಲ್ಲ.”

“ನಿನ್ನೆ ರಾತ್ರಿ ಎಲ್ಲಿದ್ದಿ?”

“ಆಲೂರಾಗ.”

“ಏನ್ ಕೆಲಸ?”

ಹುಡುಗ ಬಳ್ಳಾರಿ ಕಡೆಯ ದಾರಿ ನೋಡಿದ, ಆಮೇಲೆ ನೆಲ ನೋಡಿದ.

“ಹೇಳಲೇ! ಮದುವಿ ಬ್ಯಾಡಂದ್ರ ಬಾಯಿಲೆ ಹೇಳಬೇಕಿತ್ತು,” ಎಂದು ಮಾರಣ್ಣ ಮುಂದೆ ಬಂದ. “ಕಂಬಳಿ ಏನ್ ಮಾಡಿತ್ತು ನಿನಗ?”

“ಅವ ಅಲ್ಲ ದೊಡ್ಡಪ್ಪ,” ಎಂದಳು ಜಯಕ್ಕ ಭಾವನಿಗೆ, ಕಲ್ಲಿನ ಮೇಲಿಂದಲೇ.

“ನಿನಗ ಹೆಂಗ ಗೊತ್ತವ್ವ?” ಎಂದರು ಭಾವ.

“ಗೊತ್ತು.”

ಸರಿ, ಅದೆಂಥ ಸಾಕ್ಷಿ? ಆದರೆ ನನ್ನ ಗುಮಾನಿಯೆಲ್ಲ ಮಾರಣ್ಣನ ಮೇಲೆಯೇ. ಜಯಕ್ಕನ ತಾಯಿ ಸತ್ತ ಮೇಲೆ, ಅಕ್ಕನ ಮಗಳು ತನಗೇ ಸೇರಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಅವನು. ಯರ್ರೆಪ್ಪ ಒಪ್ಪಿರಲಿಲ್ಲ. ಈಗ ಜಂಬಪ್ಪನನ್ನು ಬೈಯುವ ಉತ್ಸಾಹ ನೋಡಿದರೆ ಯಾರಿಗಾದರೂ ಅನುಮಾನ ಬರಬೇಕು.

“ಎಲ್ಲರೂ ನಿಮ್ಮ ನಿಮ್ಮ ಚಾಕು ತಗೀರಿ,” ಎಂದರು ಭಾವ.

ಮಾರಣ್ಣ ತನ್ನ ಉಡದಾರದಿಂದ ಬಿಚ್ಚಿ ಕೊಟ್ಟ. ನಾನು ಬೆಚ್ಚಿದೆ. ಅದು ಜಂಬಪ್ಪನ ಚಾಕುವಿನಂತೆಯೇ ಇತ್ತು!

“ಉರುಕುಂದ ಜಾತ್ರ್ಯಾಗ ಒಂದ ಅಂಗಡ್ಯಾಗ ಇಬ್ರೂ ತಗೊಂಡ್ವಿ,” ಎಂದ ಮಾರಣ್ಣ. “ಅದೂ ತಪ್ಪೇನು? ನೋಡ್ರಿ, ನಂದು ನನ್ನ ಹತ್ರಾನ ಐತಿ.”

ಯರ್ರೆಪ್ಪ ತನ್ನದನ್ನು ಮೆಲ್ಲಗೆ ತೆಗೆದು ಕೊಟ್ಟ. ಕೊಂಬಿನ ಹಿಡಿಯ ಹಳೆಯ ಚಾಕು. ಎಷ್ಟೋ ವರ್ಷದ ಹಿಂದೆ ಭಾವನೇ ಅವನಿಗೆ ಪ್ರೀತಿಯಿಂದ ಕೊಟ್ಟದ್ದು. ಭಾವ ಅದರ ಎರಡೂ ಅಲಗುಗಳನ್ನು ಒಂದೇ ತುದಿಯಿಂದ ಬಿಚ್ಚಿ, ಮತ್ತೆ ಮಡಚಿದರು.

ಆಮೇಲೆ ನನ್ನನ್ನು ಬೇವಿನ ಮರದಡಿಗೆ ಕರೆದೊಯ್ದು ಬಟ್ಟೆಯ ಸುರುಳಿ ಬಿಚ್ಚಿದರು. ನನಗೆ ರೇಗಿತು.

“ಅಲ್ಲ ಭಾವ, ಮದುವಿ ಮುರಿಯಾಕತ್ತೈತಿ. ಈಗ ಸುದ್ದಾ ಚಾಕು ಪಾಠನಾ?”

“ಲೇ ನಾಗಣ್ಣ, ಬಾಯಿ ಮುಚ್ಚಿ ನೋಡು. ಎರಡು ಅಲಗಿನ ಚಾಕುದಾಗ ಎರಡು ಜಾತಿ. ಇದಕ್ಕ ನಾ ಅಣ್ಣತಮ್ಮರ ಚಾಕು ಅಂತೀನಿ. ಎರಡೂ ಅಲಗು ಒಂದ ಕಡಿಯಿಂದ ಹೊರಗ ಬರ್ತಾವ, ಒಂದ ಮನಿ ಬಾಗಿಲದಾಗ ನಿಂತಂಗ. ಇದು ಬೀಗರ ಚಾಕು. ಒಂದು ಅಲಗು ಈ ತುದಿಗೆ, ಇನ್ನೊಂದು ಆ ತುದಿಗೆ. ಎದುರುಬದುರು. ಜಂಬಪ್ಪಂದು ಯಾವುದು?”

“ಬೀಗರದು. ಮಾರಣ್ಣಂದೂ ಬೀಗರದ.”

“ಉಡದಾರಕ್ಕ ಕಟ್ಟೋ ಬಳಿ ಎಲ್ಲೈತಿ?”

ನೋಡಿದೆ. ಚಾಕುವಿನ ಒಂದು ತುದಿಯಲ್ಲಿ ಚಿಕ್ಕ ಬಳೆಯಿತ್ತು. ದೊಡ್ಡ ಅಲಗು ಹೊರಬರುವುದು ಬಳೆ ಇರುವ ತುದಿಯಿಂದ. ಸಣ್ಣ ಅಲಗು ಬಳೆ ಇಲ್ಲದ ತುದಿಯಿಂದ.

“ಈಗ ಹೇಳು. ಅಷ್ಟು ದಪ್ಪ ಉಣ್ಣಿ ಎಳಿ ಕತ್ತರಿಸಾಕ ದೊಡ್ಡ ಅಲಗು ಬಿಟ್ಟು ಸಣ್ಣದು ಯಾಕ ತಗೀತಾರ?”

“ಅವಸರದಾಗ ಯಾವುದೋ ಒಂದು—”

“ಅದಾ! ಅವಸರದಾಗ ಕೈ ಯಾವ ಕಡಿ ಹೋಗತೈತಿ?”

ನನಗೆ ಅರ್ಥವಾಗಲಿಲ್ಲ. ಅರ್ಥವಾಗಿದೆ ಎಂಬಂತೆ ತಲೆಯಾಡಿಸಿದೆ. ಭಾವನಿಗೆ ಅದು ಗೊತ್ತಾಯಿತು ಅಂತ ಕಾಣುತ್ತದೆ, ನಕ್ಕರು. ಆ ನಗೆಯಲ್ಲಿ ಸುಖವಿರಲಿಲ್ಲ.

ಮಗ್ಗದ ಮನೆಗೆ ಕಿಟಕಿಯಿಲ್ಲ. ಬಾಗಿಲು ಮುಚ್ಚಿದರೆ ಹಗಲಲ್ಲೇ ಕತ್ತಲೆ. ಭಾವ ಒಳಗೆ ಒಂದು ಉಣ್ಣೆಯ ಹುರಿಯನ್ನು ಎಳೆದು ಕಟ್ಟಿದರು. ಒಬ್ಬೊಬ್ಬರನ್ನೇ ಒಳಗೆ ಕರೆದು, ಜಂಬಪ್ಪನ ಚಾಕುವನ್ನು ಮಡಚಿ ಕೈಗೆ ಕೊಟ್ಟು, ಬಾಗಿಲು ಮುಚ್ಚಿ ಹೇಳಿದ್ದು ಇಷ್ಟೆ: “ಜಲ್ದಿ ಕತ್ತರಿಸು!” ಕತ್ತರಿಸಿದ ಕೂಡಲೇ ನಾನು ಬಾಗಿಲು ತೆರೆಯಬೇಕು.

ಜಂಬಪ್ಪನ ಕೈಯಲ್ಲಿ ದೊಡ್ಡ ಅಲಗು.

ಮಾರಣ್ಣನ ಕೈಯಲ್ಲಿಯೂ ದೊಡ್ಡ ಅಲಗು. “ನನ್ನ ಮ್ಯಾಲ ಎಲ್ಲರಿಗೂ ಅನುಮಾನ,” ಎಂದು ಗೊಣಗುತ್ತ ಹೊರಗೆ ಹೋದ.

ಭಾವ ನನಗೂ ಕೊಟ್ಟರು. ನಾನು ತಿರುಗಿಸಿ, ಮುರುಗಿಸಿ, ಉಗುರು ಮುರಿದುಕೊಂಡು, ಏನೂ ತೆರೆಯಲಾಗದೆ ಬೆಳಕಿಗೆ ಬಂದೆ.

ಕೊನೆಗೆ ಯರ್ರೆಪ್ಪ. ಬಾಗಿಲು ಮುಚ್ಚಿತು. ಟಕ್ಕೆಂಬ ಸದ್ದು. ಹುರಿ ಒಂದೇಟಿಗೆ ಹರಿಯಲಿಲ್ಲ. ಗರಗಸ ಎಳೆದಂತೆ ಗರ್ ಗರ್ ಎಂದಿತು. ಬಾಗಿಲು ತೆರೆದೆ.

ಅವನ ಕೈಯಲ್ಲಿ ಸಣ್ಣ ಅಲಗು.

ಭಾವ ಬಹಳ ಮೆಲ್ಲಗೆ ಕೇಳಿದರು. “ಯಾಕಪ್ಪ ಯರ್ರೆಪ್ಪ, ಹಿಂಗ ಮಾಡಿದಿ?”

ನಾನು ದಂಗಾದೆ. ತನ್ನ ಮಗಳ ಮದುವೆಯ ಕಂಬಳಿಯನ್ನು ತಾನೇ?

“ಏನ್ ಮಾತು ಬಜಾರಣ್ಣ!” ಎಂದ ಯರ್ರೆಪ್ಪ. “ಸಣ್ಣ ಅಲಗು ತಗದ್ರ ನಾ ಕಳ್ಳ ಆದ್ನಾ?”

“ನಿನ್ನ ಕೈ ಹೇಳತೈತಿ. ಆ ಹುಡುಗರ ಕೈ ಬೀಗರ ಚಾಕುಗೆ ಪಳಗೇತಿ. ಕತ್ತಲಾಗೂ ಬಳಿ ಮುಟ್ಟಿ ನೋಡಿ ಆ ತುದೀಲಿಂದ ದೊಡ್ಡದು ತಗೀತಾರ. ನಿಂದು ಅಣ್ಣತಮ್ಮರ ಚಾಕು, ನಾನ ಕೊಟ್ಟಿದ್ದು. ಅದರ ಎರಡೂ ಅಲಗು ಬಳಿ ಇಲ್ಲದ ತುದ್ಯಾಗ ಅದಾವ. ಇಷ್ಟು ವರ್ಷ ನಿನ್ನ ಹೆಬ್ಬಟ್ಟು ಅಲ್ಲೇ ಹೋಗೇತಿ. ರಾತ್ರಿನೂ ಅಲ್ಲೇ ಹೋತು. ಅಲ್ಲಿ ಸಿಕ್ಕಿದ್ದು ಸಣ್ಣದು ಒಂದ.”

“ಅಂಥ ಚಾಕು ಊರಾಗ ಬೇರೆ ಯಾರ ಹತ್ರಾನೂ ಇಲ್ಲೇನು?”

“ಇರಬೋದು. ಆದ್ರ ಬಾ, ಕಂಬಳಿ ನೋಡು. ಹಗೆ ತೀರಿಸಾಕ ಬಂದವ ಎಲ್ಲಿ ಕತ್ತರಿಸ್ತಿದ್ದ? ನೇಯ್ದದ್ದರ ನಡುಮಧ್ಯ! ಒಂದ ಗೀರು ಎಳದಿದ್ರ ಕಂಬಳಿ ಮುಗೀತಿತ್ತು. ಇವ ನೇಯ್ದದ್ದನ್ನ ಮುಟ್ಟೇ ಇಲ್ಲ. ಬರೇ ಎಳಿ ಕತ್ತರಿಸ್ಯಾನ, ಅದೂ ಮತ್ತ ಕೂಡಿಸಾಕ ಬರೋ ಜಾಗದಾಗ. ನೇಯ್ದದ್ದನ್ನ ಕತ್ತರಿಸಾಕ ನೇಯ್ದವಂಗ ಮಾತ್ರ ಕೈ ಬರಲ್ಲಪ್ಪ.”

ಯರ್ರೆಪ್ಪ ಗುಣಿಯ ಅಂಚಿಗೆ ಕುಸಿದು ಕುಳಿತ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. ಹೊರಗಿದ್ದ ಜಯಕ್ಕ ಯಾವಾಗ ಹೊಸಿಲಿಗೆ ಬಂದಳೋ ನಾನು ನೋಡಲಿಲ್ಲ. ಅವಳ ಹಿಂದೆ ಜಂಬಪ್ಪ.

“ಚಾಕು ಉಣ್ಣಿ ರಾಶ್ಯಾಗ ಸಿಕ್ತು,” ಎಂದ ಯರ್ರೆಪ್ಪ, ಯಾರ ಮುಖವನ್ನೂ ನೋಡದೆ. “ವಾಪಸ್ ಕೊಡಬೇಕಂತಾನ ಇಟ್ಟಿದ್ದೆ. ಆಮ್ಯಾಲ ಆಲೂರು ಸಂತ್ಯಾಗ ಗಾಡಿ ಹೊಡಿಯೋ ದಸ್ತಗಿರಿ ಸಿಕ್ಕ. ನಿನ್ನ ಅಳಿಯ ಬಳ್ಳಾರಿಗೆ ಹೋಗಿ ದಂಡಿಗೆ ಸೇರ್ಯಾನ, ಯುದ್ಧಕ್ಕ ಹಡಗ ಹತ್ತಾನ ಅಂದ. ಕೊಟ್ಟ ಮಾತು ನಾ ಹೆಂಗ ಮುರೀಲಿ? ಮುರೀದೆ ಹೆಂಗ ಇರ್ಲಿ? ತಪ್ಪು ಹುಡುಗನ ಮ್ಯಾಲ ಬಂದ್ರ ಮಾತು ತಾನ ಬಿಡತೈತಿ ಅನ್ಕೊಂಡೆ. ಆಕಿ ತಾಯಿನ್ನ ಮಣ್ಣು ಮಾಡಿದ ಕೈ ಇವು, ಬಜಾರಣ್ಣ. ಆಕಿ ಕೈ ಬಳಿ ಒಡಿಯೋದನ್ನ ನೋಡಾಕ ನನ್ನ ಕೈಲಿ ಆಗಲ್ಲ.”

ಆಗ ಹೊಳೆಯಿತು ನನಗೆ, ಆ ತಲೆಗೂದಲಿನ ಷೋಕಿ ಎಂಥದೆಂದು.

“ಮಾವ, ನಾನ ಹೇಳ್ಬೇಕಿತ್ತು,” ಎಂದ ಜಂಬಪ್ಪ. “ಹೇಳಿದ್ರ ಹೆಣ್ಣು ಕೊಡಲ್ಲಂತ ಹೆದರಿದೆ. ರಾತ್ರಿ ಆಲೂರಾಗ ದಂಡಿನವರ ಹತ್ರಾನ ಇದ್ದೆ, ಹೋಗೋ ದಿನ ಕೇಳಾಕ.”

“ನೀ ಸುಮ್ಮನಿರು,” ಎಂದು ಜಯಕ್ಕ ಒಳಗೆ ಬಂದಳು. ತಂದೆಯ ಎದುರು ಕುಳಿತಳು. “ಅಪ್ಪಾ, ನನಗ ಗೊತ್ತಿತ್ತು. ಅವ ಮೊದಲ ಹೇಳಿದ್ದು ನನಗ. ಗೊತ್ತಿದ್ದ ನಾ ಹ್ಞೂಂ ಅಂದೀನಿ.”

ಯರ್ರೆಪ್ಪ ತಲೆಯೆತ್ತಿದ.

“ಅವ ಹೋಗಾಕ ಉಳಿದಿರೋದ ನಾಕಾರು ದಿನ,” ಎಂದಳು ಅವಳು. “ಅದರಾಗೂ ನೀ ಕತ್ತರಿಸ್ಬ್ಯಾಡಪ್ಪ.”

ಭಾವ ನನ್ನ ತೋಳು ಹಿಡಿದು ಹೊರಗೆ ಎಳೆದರು. ನನ್ನ ಕಣ್ಣಿಗೆ ಧೂಳು ಬಿತ್ತು ಎಂದು ಹೇಳಬಹುದು, ಆದರೆ ಅದು ಸುಳ್ಳು.

ಸಂಜೆ ಹಿರಿಯರು ಬಂದು ನೋಡಿದಾಗ ಮಗ್ಗದ ಮನೆಯ ಬಾಗಿಲು ಹಾರುಹೊಡೆದಿತ್ತು. ಜಯಕ್ಕ ಹುಣಸೆ ಬೀಜದ ಅಂಟಿನ ಬಟ್ಟಲು ಹಿಡಿದು ಕುಳಿತಿದ್ದಳು. ಯರ್ರೆಪ್ಪ ಒಂದೊಂದು ಎಳೆಯ ಎರಡು ತುದಿಗಳನ್ನು ಅಂಟಿನಲ್ಲಿ ಅದ್ದಿ, ಹೊಸೆದು, ಕೂಡಿಸುತ್ತಿದ್ದ. ಜಂಬಪ್ಪ ಎಳೆ ಸಡಿಲಾಗದಂತೆ ಆಚೆ ತುದಿಯಲ್ಲಿ ಹಿಡಿದು ನಿಂತಿದ್ದ.

“ಏನಾತಲೇ ಯರ್ರೆಪ್ಪ? ಯಾರು ಕತ್ತರಿಸಿದ್ದು?” ಎಂದು ಹಿರಿಯರಲ್ಲಿ ಒಬ್ಬರು ಕೇಳಿದರು.

ಭಾವ ಏನೋ ಹೇಳಲು ಬಾಯಿ ತೆರೆದರು. ಯರ್ರೆಪ್ಪ ಬಿಡಲಿಲ್ಲ.

“ನಾನ,” ಎಂದ. ಕೈಯ ಕೆಲಸ ನಿಲ್ಲಿಸಲಿಲ್ಲ. “ಹುಡುಗನ ತಪ್ಪು ಏನೂ ಇಲ್ಲ. ಕೂಡ್ರಿ, ನಾಡಿದ್ದು ಮದುವಿ ಐತಿ.”