ಮೆತ್ತಗೆ ತಿರುಗಿದ ಫ್ಯಾನು

"ನೀನಾ?!"

ಬಾಗಿಲ ಚೌಕಟ್ಟು ಹಿಡಿದಿದ್ದ ಶಿವರಂಜನಿಯ ಬೆರಳುಗಳು ಬಿಳಿಚಿಕೊಂಡವು. ಕಂಪ್ಯೂಟರ್ ಕಾದು ನಿಂತುಹೋಗುತ್ತಿದೆಯೆಂದು ಅವಳು ಫೋನು ಮಾಡಿದ್ದು ಯಾದಗಿರಿಯ ಅಂಗಡಿಗೆ. ಶಹಾಪುರದ ಅವಳ ಮನೆಗೆ ಅವರು ಕಳಿಸಿದ್ದು ರಂಗಂಪೇಟೆಯ ಸಂಗಮನಾಥನನ್ನು! ಹನ್ನೊಂದು ತಿಂಗಳಿನಿಂದ ಅವಳು ಹೆಸರೆತ್ತದೆ ಇದ್ದವನನ್ನು…

"ಈಗ ಅಲ್ಲೇ ಕೆಲಸಕ್ಕಿದ್ದೀನ್ರಿ. ಬ್ಯಾಡಂದ್ರ ಹೊಳ್ಳಿ ಹೋಗ್ತೀನಿ."

ಆ 'ರಿ' ಚುಚ್ಚಿತು. ಒಂದು ಕಾಲಕ್ಕೆ ಮದುವೆಯ ಮಾತಾಡಿಕೊಂಡಿದ್ದವರು ಅವರು.

"ಬಂದದ್ದಾಗೇದಲ್ಲ, ಮಾಡ್ರಿ. ಈ ಸಲನಾದ್ರೂ ಅಗ್ಗದ ಫ್ಯಾನ್ ಹಾಕಬ್ಯಾಡ್ರಿ!"

ಅವನು ಒಳಬಂದು ಚೀಲ ಇಳಿಸಿದ.

ಕಳೆದ ಬೇಸಿಗೆಯಲ್ಲಿ ಕಂಪ್ಯೂಟರಿನೊಳಗೆ ಅವನು ಕೂಡಿಸಿದ್ದ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಯಂತ್ರ ಕಾದು ನಿಂತೇಹೋಯಿತು. ಅವಳು ಟೈಪು ಮಾಡಿದ್ದ ಶಾಲಾ ಸಂಚಿಕೆಯ ನಲವತ್ತು ಪುಟಗಳು ಅಳಿಸಿಹೋದವು. ಆಗ ಸುರಪುರದಲ್ಲಿದ್ದ ಅವನ ಅಂಗಡಿಗೇ ಹೋಗಿ, ನಾಲ್ಕು ಜನರೆದುರು 'ಮೋಸಗಾರ' ಎಂದು ಬಂದಿದ್ದಳು. ಅಂದು ಅವನು ಕಾರಣ ಹೇಳಿರಲಿಲ್ಲ. ಮುಂದಿನ ತಿಂಗಳು ಅವ್ವ ಗುರುದೇವಿ ತೀರಿಕೊಂಡಾಗ ಮಣ್ಣಿಗೆ ಬಂದು, ದೂರವೇ ನಿಂತು, ಹೊರಟುಹೋಗಿದ್ದ.

ಸಂಗಮನಾಥ ಕಂಪ್ಯೂಟರಿನ ಮುಚ್ಚಳ ತೆಗೆದು ಧೂಳು ಜಾಡಿಸಿದ. ಚೀಲದಿಂದ ಎರಡು ಫ್ಯಾನು ತೆಗೆದು ಮೇಜಿನ ಮೇಲಿಟ್ಟ.

"ಇದು ಮೆತ್ತಗ ತಿರುಗ್ತದ. ಇದು ಗಾಳಿ ಜಾಸ್ತಿ, ಸಪ್ಪಳನೂ ಜಾಸ್ತಿ. ಗಾಳೀದೇ ಹಾಕ್ತೀನ್ರಿ. ಈಗ ಈ ಖೋಲ್ಯಾಗ ಮಲಗೋರು ಯಾರೂ…"

ಮಾತು ಅರ್ಧಕ್ಕೇ ನಿಂತಿತು. ಅವನ ಕಣ್ಣು ಗೋಡೆ ಬದಿಯಲ್ಲಿದ್ದ ಅವ್ವನ ಖಾಲಿ ಮಂಚದ ಮೇಲಿತ್ತು.

ಅವಳೂ ಮಂಚದತ್ತ ತಿರುಗಿದಳು.

"ಅವ್ವಗೂ ಫ್ಯಾನಿಗೂ ಏನ್ ಸಂಬಂಧ? ಹೇಳು!"

"ಆವತ್ತು ನಾ ಫ್ಯಾನ್ ಹಾಕಾಕ ಬಂದಾಗ ನೀ ಗುಳಿಗಿ ತರಾಕ ಹೋಗಿದ್ದಿ. ಅವ್ವಾರು ನನ್ನ ಕೈ ಹಿಡಿದ್ರು. 'ಆ ಮಿಶನ್ ಭರ್ರ್ ಅನ್ನೋದು ತಲ್ಯಾಗ ಕೊರೀತದಪ್ಪಾ, ನಿದ್ದಿ ಹತ್ತವಲ್ದು. ಸಪ್ಪಳಿಲ್ಲದ್ದು ಹಾಕು. ರಂಜನಿಗೆ ಹೇಳಬ್ಯಾಡ… ಹೇಳಿದ್ರ ಮಿಶನ್ನೇ ಬಂದ್ ಮಾಡಿ, ಕೆಲಸ ಬಿಟ್ಟು ಕೂಡ್ತಾಳ' ಅಂದ್ರು. ಮಾತು ಕೊಟ್ಟೆ."

ಶಿವರಂಜನಿ ಮಂಚದ ಮೇಲೆ ಕೂತಳು. ಅವ್ವನ ಕೊನೆಯ ದಿನಗಳ ನಿದ್ದೆ… ಅದನ್ನು ಕೊಟ್ಟವನು ಇವನು. ತಾನು ಇವನಿಗೆ ಕೊಟ್ಟದ್ದು?

"ಅವ್ವ ಹೋದ ಮ್ಯಾಲಾದ್ರೂ ಹೇಳಬಾರದೇನು?"

"ಹೇಳಿದ್ರ ನಿನ್ನ ಸಿಟ್ಟು ನಿನ್ನ ಮ್ಯಾಲೇ ತಿರುಗ್ತಿತ್ತು, ರಂಜನಿ. ಅದು ನನ್ನ ಮ್ಯಾಲೇ ಇರ್ಲಿ ಅಂದೆ."

ಅವಳ ಅಳು ತೀರುವವರೆಗೂ ಅವನು ಸ್ಕ್ರೂ ಮುಟ್ಟಲಿಲ್ಲ. ಆಮೇಲೆ, ಗಾಳಿಯ ದಿಕ್ಕು ತೋರುವ ಬಾಣ ಹೊರಮುಖವಾಗಿದೆಯೆ ಎಂದು ಎರಡು ಸಲ ನೋಡಿ, ನಾಲ್ಕೂ ಮೂಲೆ ಬಿಗಿದ. ಸ್ವಿಚ್ಚು ಒತ್ತಿದೊಡನೆ ಕೋಣೆಯ ತುಂಬ ಭರ್ರೆಂಬ ಸದ್ದು.

"ಭಾಳ ಆತೇನು? ಬದಲಿ ಮಾಡ್ಲಿ?"

"ಬ್ಯಾಡ… ಅವ್ವ ಹೋದಾಗಿಂದ ಈ ಮನ್ಯಾಗ ಸಪ್ಪಳನ ಇಲ್ಲ."

"ಹಂಗಾದ್ರ ಒಂದು ಫ್ಯಾನ್ ಸಾಲೂದಿಲ್ಲ. ನಾನೂ ಬರ್ಲೇನು?"

ಅವಳು ಕಣ್ಣೊರೆಸಿಕೊಂಡು, ಅವ್ವನ ಮಂಚದ ಮೇಲೆ ತುಸು ಸರಿದು ಜಾಗ ಬಿಟ್ಟಳು.

"ಭಾಳ ತಡಾ ಮಾಡಿದಿ… ಬಾ."