ವಾರಕ್ಕೆರಡು ದಿನದ ಹೊಟ್ಟೆಕಿಚ್ಚು

"ನಗಿ… ಇನ್ನೂ ಸ್ವಲ್ಪ ನಗಿ… ಹಾಂ, ಹಾಗೇ ಇರಿ!"

ಕಿಟಕಿಯ ಬಳಿಯ ಕುರ್ಚಿಯಲ್ಲಿ ಒಬ್ಬ ಸುಂದರಿ. ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿ ಅವನ ಮುಖ. ಕಣ್ಣು ಮಿಟುಕಿಸದೆ ಅವಳ ನಗುವನ್ನೇ ನೋಡುತ್ತಿದ್ದಾನೆ!

ನಾಲ್ಕು ಹೆಜ್ಜೆ ಆಚೆ, ಮೇಜಿನ ಮುಂದೆ ಕೂತು ಮೇಣದಲ್ಲಿ ದವಡೆಹಲ್ಲು ಕೆತ್ತುತ್ತಿದ್ದ ನಮ್ಮ ನಾಯಕಿಯ ಕೈ ನಿಂತೇಹೋಯಿತು. ಬಿಸಿ ಮೇಣ ಬೆರಳ ಮೇಲೆ ತೊಟ್ಟಿಕ್ಕಿತು. ಅವಳಿಗೆ ಅದರ ಪರಿವೆಯೇ ಇಲ್ಲ.

'ಅಬ್ಬಾ! ಹಲ್ಲು ನೋಡೋದಕ್ಕೆ ಇಷ್ಟು ಹತ್ತಿರ ಹೋಗ್ಬೇಕಾ? ಅದೂ ಅರ್ಧ ಗಂಟೆ? ಅವಳ ಹಲ್ಲಲ್ಲೇನು ಮಹಾಕಾವ್ಯ ಬರೆದಿದೆಯಾ?'

ಪಾಪ, ಅವನದೇನೂ ತಪ್ಪಿಲ್ಲ, ಅದು ಅವನ ಕೆಲಸ. ಅದೊಂದು ಕೃತಕ ಹಲ್ಲು ಮಾಡುವ ಲ್ಯಾಬು. ದಂತವೈದ್ಯರು ಅಚ್ಚು ಕಳಿಸುತ್ತಾರೆ. ಇವಳು ಅದಕ್ಕೆ ಗಾರೆ ಹೊಯ್ದು ಪಡಿಯಚ್ಚು ತೆಗೆದು, ಮೇಣದಲ್ಲಿ ಹಲ್ಲಿನ ಆಕಾರ ಕೊಡುತ್ತಾಳೆ. ಅವನು ಪಿಂಗಾಣಿ ಪುಡಿ ಕಲಸಿ, ಪದರ ಪದರವಾಗಿ ಹಚ್ಚಿ, ಸುಟ್ಟು, ಬಣ್ಣ ಬರಿಸುತ್ತಾನೆ. ಎದುರಿಗೆ ಕಾಣುವ ಹಲ್ಲಾದರೆ ಹಲ್ಲಿನ ಒಡೆಯರೇ ಲ್ಯಾಬಿಗೆ ಬಂದು ಹಗಲು ಬೆಳಕಿನಲ್ಲಿ ಕೂರಬೇಕು. ಬಣ್ಣ ಹೊಂದಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವನು 'ಬಣ್ಣದ ಮೇಷ್ಟ್ರು'.

ಈ ಎರಡು ವರ್ಷದಲ್ಲಿ ಇವಳ ಕಣ್ಣೆದುರೇ ಅವನು ಎಷ್ಟೋ ಹೆಂಗಸರ ಹಲ್ಲು ನೋಡಿದ್ದಾನೆ. ಇವಳಿಗೆ ಒಂದು ದಿನವೂ ಏನೂ ಅನ್ನಿಸಿರಲಿಲ್ಲ. ಏನೂ ಅನ್ನಿಸದಿರುವುದಕ್ಕೇ ಇವಳು ಹೆಸರುವಾಸಿ! ಯಜಮಾನರು ಕೂಗಾಡಲಿ, ಹೊಗಳಲಿ, ಇವಳ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಅವರೇ ಇಟ್ಟ ಹೆಸರು 'ತಣ್ಣೀರಮ್ಮ'.

ಆ ತಣ್ಣೀರು ಈಗ ಕೊತಕೊತ ಕುದಿಯುತ್ತಿತ್ತು.

"ಕ್ಯಾಮೆರಾ ಬಿಟ್ರೆ ನನ್ನ ಮುಖಾನ ಇಷ್ಟು ಹೊತ್ತು ಯಾರೂ ನೋಡಿಲ್ಲ ಕಣ್ರೀ!" ಎಂದು ಸುಂದರಿ ನಕ್ಕಳು. ಟಿವಿಯಲ್ಲಿ ವಾರ್ತೆ ಓದುವವಳು ಅವಳು. ಮೆಟ್ಟಿಲಲ್ಲಿ ಜಾರಿ ಮುಂದಿನ ಹಲ್ಲು ಮುರಿದುಕೊಂಡಿದ್ದಳು.

ಮೇಷ್ಟ್ರೂ ನಕ್ಕ.

'ನಗೋದು ಬೇರೆ!'

ಮನೆಗೆ ಬಂದವಳೇ ತಣ್ಣೀರಮ್ಮ ಪುಸ್ತಕ ತೆಗೆದು ಬರೆದಳು. 'ಮಂಗಳವಾರ. ತಲೆ ಸುತ್ತು: ಸ್ವಲ್ಪ. ತಲೆಯೊಳಗೆ ಕರೆಂಟು: ಮೂರು ಸಲ. ಬೆವರು: ಇದೆ. ಹೊಟ್ಟೆಕಿಚ್ಚು: ಬಹಳ.'

ಇದೇನು ಪುಸ್ತಕ ಅಂತೀರಾ? ಹೇಳ್ತೀನಿ ಕೇಳಿ.

ಎರಡೂವರೆ ವರ್ಷದ ಹಿಂದೆ ಅವಳಿಗೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮರುದಿನವೂ ಇಲ್ಲ. ಕಾರಣ ಕೇಳಬೇಡಿ, ಅವಳಿಗೇ ಗೊತ್ತಿಲ್ಲ. ಡಾಕ್ಟರು ಖಿನ್ನತೆ ಎಂದರು, ಗುಳಿಗೆ ಕೊಟ್ಟರು. ಆ ಗುಳಿಗೆಯೇ ಅವಳನ್ನು ಎಬ್ಬಿಸಿತು, ಸ್ನಾನ ಮಾಡಿಸಿತು, ಈ ಕೆಲಸಕ್ಕೆ ಸೇರಿಸಿತು. ಅದರ ಋಣ ದೊಡ್ಡದು. ಆದರೆ ಅಳು ನಿಂತದ್ದರ ಜೊತೆಗೇ ನಗುವೂ ಎಲ್ಲೋ ನಿಂತುಬಿಟ್ಟಿತ್ತು.

ನಾಲ್ಕು ತಿಂಗಳ ಹಿಂದೆ ಮೇಷ್ಟ್ರು ಅವಳ ಮೇಜಿನ ಮುಂದೆ ಬಂದು ನಿಂತಿದ್ದ.

"ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ನೀವೇನಂತೀರಿ?"

ಬೇರೆ ಹುಡುಗಿಯಾಗಿದ್ದರೆ ಎದೆ ಡವಡವ ಎನ್ನುತ್ತಿತ್ತು. 'ಒಳ್ಳೆಯವನು' ಎಂದು ಇವಳ ಬುದ್ಧಿ ಹೇಳಿತು. ಮನಸ್ಸು ಮಾತ್ರ ತುಟಿಪಿಟಿಕ್ ಎನ್ನಲಿಲ್ಲ. ಏನೂ ಅನ್ನಿಸದೆ ಹ್ಞೂಂ ಅನ್ನುವುದು ಅವನಿಗೆ ಮಾಡುವ ಮೋಸವಲ್ಲವೇ?

"ಆರು ತಿಂಗಳು ಕೊಡ್ತೀರಾ?"

"ಕೊಡ್ತೀನಿ."

ಯಾಕೆ ಎಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಎಲ್ಲ ಎಡವಟ್ಟಾದದ್ದೇ ಅಲ್ಲಿ!

ಆ ವಾರವೇ ಅವಳು ಡಾಕ್ಟರ ಬಳಿ ಹೋಗಿ, ಗುಳಿಗೆ ಬಿಡಬಹುದೇ ಎಂದು ಕೇಳಿದಳು. ವರ್ಷದಿಂದ ಆರೋಗ್ಯವಾಗಿದ್ದಾಳೆಂದು ಅವರೂ ಒಪ್ಪಿದರು. "ಆದ್ರೆ ನಿಧಾನಕ್ಕೆ ಇಳಿಸೋಣ. ಆತುರ ಮಾಡಿದ್ರೆ ಮೈ ಜಗಳಕ್ಕೆ ನಿಲ್ಲುತ್ತೆ. ದಿನಾ ಏನೇನಾಗುತ್ತೆ ಅಂತ ಬರೆದಿಡಿ. ಎರಡು ವಾರಕ್ಕೊಂದು ಸಲ, ಗುರುವಾರ ಬನ್ನಿ."

ಮೈ ಜಗಳಕ್ಕೆ ನಿಂತೇ ನಿಂತಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಝುಮ್ಮೆಂದು ಕರೆಂಟು. ಚಿತ್ರವಿಚಿತ್ರ ಕನಸು. ಸೋಪಿನ ಜಾಹೀರಾತು ನೋಡಿ ಅಳು! ಬಾಚಣಿಗೆ ಕೆಳಗೆ ಬಿತ್ತೆಂದು ಅಳು! ಹೀಗಿರುವಾಗ ಈ ಹೊಟ್ಟೆಕಿಚ್ಚೂ ಅದರದೇ ಚೇಷ್ಟೆ ಎಂದು ಅವಳು ತಿಳಿದದ್ದರಲ್ಲಿ ಆಶ್ಚರ್ಯವೇನಿದೆ?

'ಇದು ನನ್ನದಲ್ಲ… ಗುಳಿಗೆ ಕಮ್ಮಿ ಆದದ್ದಕ್ಕೆ, ಅಷ್ಟೆ.'

ಶುಕ್ರವಾರ ವಾರ್ತೆಯವಳು ಮತ್ತೆ ಬಂದಳು.

"ಮೇಷ್ಟ್ರೇ, ನಾನು ಬಂದೆ!"

'ಮೇಷ್ಟ್ರಂತೆ! ಎರಡನೇ ದಿನಕ್ಕೇ ಮೇಷ್ಟ್ರು!'

ತಣ್ಣೀರಮ್ಮ ಗಾರೆ ಕಲಸುವ ಬಟ್ಟಲನ್ನು ತೊಟ್ಟಿಯೊಳಗೆ ಎತ್ತಿ ಕುಕ್ಕಿದಳು.

"ಏನಮ್ಮಾ, ಬಟ್ಟಲು ಒಡೆದುಹಾಕ್ತೀಯಾ?" ಯಜಮಾನರು ಒಳಗಿನಿಂದ ಕೇಳಿದರು.

"ರಬ್ಬರ್ ಬಟ್ಟಲು ಸಾರ್, ಒಡೆಯಲ್ಲ! ಬೇಕಾದ್ರೆ ಇನ್ನೊಂದು ಸಲ ಎಸೆದು ತೋರಿಸ್ಲಾ?"

ತಣ್ಣೀರಮ್ಮ ಎದುರುತ್ತರ ಕೊಟ್ಟಳೇ! ಮೇಷ್ಟ್ರು ತಿರುಗಿ ನೋಡಿದ. ಅವನ ತುಟಿಯಂಚಿನಲ್ಲಿ ಸಣ್ಣ ನಗೆ.

'ನನ್ನ ನೋಡಿ ಗೇಲಿ ಬೇರೆ…' ಅವಳ ಕಣ್ಣು ತುಂಬಿತು. ಗಾರೆ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು.

ಅಂದು ಅವಳೊಂದು ತೀರ್ಮಾನ ಮಾಡಿದಳು. 'ಇನ್ನೂ ಎರಡು ತಿಂಗಳು ಕೂತರೆ ಇವನು ಕೈತಪ್ಪಿ ಹೋಗ್ತಾನೆ. ಗುಳಿಗೆ ಪೂರ್ತಿ ಬಿಟ್ಟುಬಿಡೋಣ. ನನ್ನ ಮನಸ್ಸಲ್ಲಿ ಏನಿದೆ ಅಂತ ಬೇಗ ಗೊತ್ತಾಗಲಿ, ಬೇಗ ಉತ್ತರ ಕೊಡೋಣ.'

ಅಯ್ಯೋ ಹುಡುಗಿ! ಹಾಗೆ ಮಾಡಬೇಡ ಎಂದು ಹೇಳಲು ಪಕ್ಕದಲ್ಲಿ ಯಾರಾದರೂ ಇರಬೇಕಿತ್ತು. ಯಾರಿಗಾದರೂ ಹೇಳಿದ್ದರೆ ತಾನೇ ಇರಲು!

ಶನಿವಾರ ಗುಳಿಗೆ ಇಲ್ಲ. ಭಾನುವಾರ ಇಲ್ಲ. ಮಂಗಳವಾರದ ಹೊತ್ತಿಗೆ ನೆಲವೇ ತೂಗಾಡುತ್ತಿತ್ತು. ಅಂದು ವಾರ್ತೆಯವಳು ಮೂರನೇ ಸಲ ಬಂದು ಕಿಟಕಿಯ ಬಳಿ ಕಿಲಕಿಲ ನಕ್ಕಳು. ಇವಳು ಮೇಜಿನ ಅಂಚು ಹಿಡಿದು ಹಲ್ಲು ಕಚ್ಚಿ ಕೂತಳು.

ಗುರುವಾರ ವಾರ್ತೆಯವಳ ಹಲ್ಲು ತಯಾರಾಯಿತು. ಮುತ್ತಿನಂಥ ಹಲ್ಲು! ಪ್ಯಾಕ್ ಮಾಡಲು ಯಜಮಾನರು ಅದನ್ನು ಇವಳ ಕೈಗೆ ಕೊಟ್ಟರು. ಇವಳು ತಿರುಗಿದಳು… ತಲೆಯೊಳಗೆ ಝುಮ್!

ಟಕ್.

ನೆಲದ ಮೇಲೆ ಹಲ್ಲು. ಅದರ ಅಂಚೇ ಹಾರಿಹೋಗಿತ್ತು.

"ಮೂರು ದಿನದ ಕೆಲಸ ಕಣಮ್ಮಾ!" ಯಜಮಾನರು ತಲೆ ಚಚ್ಚಿಕೊಂಡರು.

ಮೇಷ್ಟ್ರು ಬಗ್ಗಿ ಎತ್ತಿಕೊಂಡ. "ಹೋಗ್ಲಿ ಬಿಡಿ ಸಾರ್, ಇನ್ನೊಂದು ಮಾಡ್ತೀನಿ. ನಾಳೆ ಅವರನ್ನ ಮತ್ತೆ ಕರೆಸ್ತೀನಿ."

ಮತ್ತೆ! ತಾನೇ ಕೈಯಾರೆ ಬೀಳಿಸಿ ಅವಳನ್ನು ಮತ್ತೆ ಬರಮಾಡಿಕೊಂಡಂತಾಯಿತಲ್ಲ!

"ಕರೆಸಿ! ದಿನಾ ಕರೆಸಿ! ನಿಮಗೂ ಅದೇ ತಾನೇ ಬೇಕು?"

ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ. "ಬೇಕಂತ ಬೀಳಿಸಿದ್ರಾ?"

"ನನಗೇ ಗೊತ್ತಿಲ್ಲ!"

ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದೇ ಅದಕ್ಕೆ. ಚೀಲ ಹೆಗಲಿಗೇರಿಸಿದಳು. "ಮಧ್ಯಾಹ್ನ ರಜೆ ಹಾಕಿದ್ದೀನಿ. ಹೊರಟೆ."

"ಗೊತ್ತು. ಗುರುವಾರ ಅಲ್ವಾ? ನೀಟಾಗಿ ತಲೆ ಬಾಚ್ಕೊಂಡು ಹೊರಡ್ತೀರಿ." ಅವನ ದನಿ ಬಿಗಿಯಾಗಿತ್ತು. "ಹೋಗಿ. ಕಾಯ್ತಾ ಇರ್ತಾರೆ."

ಯಾರು ಕಾಯುತ್ತಾರೆ ಎಂದು ಕೇಳುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ಡಾಕ್ಟರಿಗೆ ಅರವತ್ತು ದಾಟಿತ್ತು. ಮೂಗಿನ ತುದಿಯಲ್ಲಿ ಕನ್ನಡಕ. ವಿಷಯ ಕೇಳಿ ಕೆಂಡವಾದರು.

"ಯಾರನ್ನ ಕೇಳಿ ಬಿಟ್ರಿ? ಮೆಟ್ಟಿಲು ಇಳೀರಿ ಅಂದ್ರೆ ಮಹಡಿಯಿಂದ ಹಾರೋದಾ? ಇವತ್ತಿಂದ ಹಿಂದಿನ ಡೋಸಿಗೇ ವಾಪಸ್ಸು. ಇನ್ನೂ ಸಣ್ಣ ಸಣ್ಣ ಮೆಟ್ಟಿಲು ಮಾಡೋಣ. ಪೂರ್ತಿ ಬಿಡೋಕೆ ಎಂಟು ತಿಂಗಳಾದ್ರೂ ಬೇಕು."

"ಎಂಟಾ?!" ಅವಳು ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಹತ್ರ ಇರೋದೇ ಎರಡು ತಿಂಗಳು ಡಾಕ್ಟ್ರೇ…"

ಡಾಕ್ಟರು ಅಳಲು ಬಿಟ್ಟರು. ಪುಸ್ತಕ ತಿರುವಿದರು. "ತಲೆ ಸುತ್ತು ದಿನಾ ಇದೆ. ಕರೆಂಟೂ ದಿನಾ. ಕನಸು ಹೆಚ್ಚುಕಮ್ಮಿ ದಿನಾ… ಇದೇನಮ್ಮಾ ಇದು, ಹೊಟ್ಟೆಕಿಚ್ಚು?"

"ಅದೂ ಗುಳಿಗೆ ಕಮ್ಮಿ ಮಾಡಿದ್ದಕ್ಕೇ ಬಂದಿದ್ದಲ್ವಾ?"

"ಮಂಗಳವಾರ. ಶುಕ್ರವಾರ. ಮತ್ತೆ ಮಂಗಳವಾರ. ಬೇರೆ ದಿನ ಸುದ್ದೀನೇ ಇಲ್ಲ." ಕನ್ನಡಕದ ಮೇಲಿನಿಂದ ನೋಡಿದರು. "ಗುಳಿಗೆಗೆ ವಾರ ಗೊತ್ತಾಗಲ್ಲಮ್ಮಾ. ಆ ದಿನಗಳಲ್ಲಿ ಯಾರು ಬರ್ತಾರೆ?"

ತಣ್ಣೀರಮ್ಮನ ಕಿವಿಯವರೆಗೂ ಕೆಂಪೇರಿತು.

"ಉಪ್ಪು ಖಾರ ಸ್ವಲ್ಪ ಜಾಸ್ತಿ ಬಿದ್ದಿರಬಹುದು, ಅದು ಗುಳಿಗೆ ಬಿಟ್ಟಿದ್ದಕ್ಕೆ. ಅಡುಗೆ ಮಾತ್ರ ನಿಮ್ಮದೇ." ಡಾಕ್ಟರು ನಕ್ಕರು. "ಈ ವಿಷಯ ಹತ್ತಿರದೋರಿಗೆ ಹೇಳಿದ್ದೀರಾ?"

"ಇಲ್ಲ."

"ಒಬ್ಬರಿಗಾದ್ರೂ ಹೇಳಿ. ತಲೆ ಸುತ್ತಿದಾಗ ಹಿಡ್ಕೊಳ್ಳೋಕೆ ಒಂದು ಕೈ ಬೇಕು."

ಮರುದಿನ ವಾರ್ತೆಯವಳು ಬಂದಳು, ಕೂತಳು, ನಕ್ಕಳು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು.

"ಮೇಷ್ಟ್ರೇ, ಮೊದಲನೇ ದಿನವೇ ಬಣ್ಣ ಸಿಕ್ತು ಅಂದಿದ್ರಿ. ಆಮೇಲೂ ಯಾಕ್ರೀ ನನ್ನ ಇಷ್ಟು ಓಡಾಡಿಸಿದ್ರಿ?"

ಉತ್ತರಕ್ಕೆ ಕಾಯದೆ ಹೋಗಿಯೇಬಿಟ್ಟಳು. ಬಾಂಬ್ ಇಟ್ಟು ಹೋದಳು ಅನ್ನಿ!

ತಣ್ಣೀರಮ್ಮ ಕೈಯಲ್ಲಿದ್ದ ಮೇಣ ಕೆಳಗಿಟ್ಟಳು. 'ಅಂದ್ರೆ… ಬರೀ ಅವಳನ್ನ ನೋಡೋದಕ್ಕೇ…'

ಎದ್ದು ನೇರ ಅವನ ಮುಂದೆ ನಿಂತಳು. "ಮೊದಲನೇ ದಿನವೇ ಸಿಕ್ಕಿತ್ತಾ? ಮತ್ತೆ ಎರಡು ಸಲ ಕರೆಸಿದ್ದು ಯಾಕೆ?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ಬೈತೀರಿ."

"ಹೇಳದೇ ಇದ್ರೂ ಬೈತೀನಿ!"

"ಆ ದಿನ ಓರೆಗಣ್ಣಲ್ಲಿ ನೋಡ್ದೆ, ನಿಮ್ಮ ಬೆರಳ ಮೇಲೆ ಮೇಣ ಬಿತ್ತು. ನೀವು ಅದನ್ನ ನೋಡ್ಲೇ ಇಲ್ಲ, ನನ್ನನ್ನೇ ನೋಡ್ತಿದ್ರಿ. ಸಿಟ್ಟಲ್ಲಿ. ಎರಡು ವರ್ಷದಲ್ಲಿ ಮೊದಲನೇ ಸಲ, ನಾನು ಅಂತ ಒಬ್ಬ ಇದ್ದೀನಿ ಅಂತ ನಿಮಗೆ ಗೊತ್ತಾದ ಹಾಗೆ ಅನ್ನಿಸ್ತು. ಅದನ್ನ ಇನ್ನೊಂದು ಸಲ ನೋಡೋಣ ಅಂತ…"

"ಬೇಕಂತಲೇ ಹೊಟ್ಟೆ ಉರಿಸಿದ್ರಾ?!"

"ತಪ್ಪೇ. ಆದ್ರೆ ನನ್ನ ಹೊಟ್ಟೆಯೇನು ತಣ್ಣಗಿತ್ತಾ? ಗುರುವಾರ ಮಧ್ಯಾಹ್ನ ಯಾರನ್ನ ನೋಡೋಕೆ ಹೋಗ್ತೀರಿ? ಯಾರವನು? ಮಾರನೇ ದಿನ ಬಂದಾಗ ಕಣ್ಣು ಕೆಂಪಗಿರುತ್ತೆ. ಅವನು ಅಳಿಸ್ತಾನಾ ನಿಮ್ಮನ್ನ?"

ಅವಳು ಬೆರಗಾಗಿ ನೋಡಿದಳು. ಇವನಿಗೂ! ಒಳಗೆಲ್ಲೋ ಸಿಹಿಯಾಗಿ ಏನೋ ಕಲಕಿತು. ನಗು ಬಂತು, ಅದರ ಹಿಂದೆಯೇ ಅಳು ಬಂತು.

"ಅವನಲ್ಲ, ಅವರು. ಅರವತ್ತು ವರ್ಷದ ಹೆಂಗಸು. ನನ್ನ ಡಾಕ್ಟ್ರು."

ಎಲ್ಲವನ್ನೂ ಹೇಳಿದಳು. ಏಳಲಾಗದ ಬೆಳಗು, ಗುಳಿಗೆ, ಆರು ತಿಂಗಳು ಕೇಳಿದ ಕಾರಣ, ತಾನೇ ಬಿಟ್ಟು ಮಾಡಿಕೊಂಡ ಅನಾಹುತ. ಕೇಳುತ್ತಾ ಕೇಳುತ್ತಾ ಅವನು ತಲೆಗೆ ಕೈಹೊತ್ತುಕೊಂಡ.

"ನಿಮಗೆ ನೆಲ ತಿರುಗ್ತಾ ಇದ್ದಾಗ ನಾನು ಇಲ್ಲಿ ಆಟ ಆಡ್ತಿದ್ದೆ…"

"ಹೌದು, ಆಡ್ತಿದ್ರಿ. ಇನ್ನೊಂದು ಸಲ ಆಡಿದ್ರೆ ಗಾರೆಯಲ್ಲಿ ಅದ್ದಿ ನಿಲ್ಲಿಸ್ತೀನಿ."

"ಆಡಲ್ಲ. ಆಣೆ."

"ಪೂರ್ತಿ ಬಿಡೋಕೆ ಇನ್ನೂ ಎಂಟು ತಿಂಗಳು ಬೇಕಂತೆ," ಎಂದಳು. "ಅಲ್ಲೀವರೆಗೆ ಸುಮ್ಸುಮ್ನೆ ಅಳ್ತೀನಿ. ಕೂಗಾಡ್ತೀನಿ. ಮತ್ತೆ ಗುಳಿಗೆ ಬೇಕಾಗಲೂಬಹುದು. ಯಾವುದು ನಾನು, ಯಾವುದು ಗುಳಿಗೆ ಅಂತ ಒಂದೊಂದು ಸಲ ನನಗೇ ಗೊತ್ತಾಗಲ್ಲ."

"ಎಂಟು ತಿಂಗಳು ತಾನೇ? ಕಾಯ್ತೀನಿ. ಉತ್ತರಕ್ಕೆ ಅವಸರ ಇಲ್ಲ."

"ಕಾಯ್ಬೇಡಿ."

ಅವನ ಮುಖದಲ್ಲಿದ್ದ ಅಷ್ಟೂ ಬಣ್ಣ ಇಳಿದುಹೋಯಿತು. ಪಾಪ, ಬಣ್ಣದ ಮೇಷ್ಟ್ರು!

"ಉತ್ತರ ಸಿಕ್ಕಾಯ್ತು, ಅದಕ್ಕೇ ಕಾಯ್ಬೇಡಿ ಅಂದೆ. ನೀವು ಬೇರೆಯವಳ ಮುಖ ನೋಡಿದ್ರೆ ಮೈಯೆಲ್ಲಾ ಉರಿಯುತ್ತೆ ನನಗೆ. ಅದೊಂದು ನನ್ನದೇ, ಡಾಕ್ಟ್ರೇ ಹೇಳಿದ್ದಾರೆ. ನನಗೆ ನೀವು ಬೇಕು. ಮದುವೆ ಆಗ್ತೀನಿ."

ಯಜಮಾನರು ಒಳಗೆ ಜೋರಾಗಿ ಕೆಮ್ಮಿದರು. ಇಬ್ಬರಿಗೂ ಕೇಳಿಸಲಿಲ್ಲ.

ಅವನು ಅವಳ ಕೈ ಹಿಡಿದುಕೊಂಡ. ಅವಳ ಕಣ್ಣಿಂದ ಮತ್ತೆ ದಳದಳನೆ ನೀರಿಳಿಯಿತು.

"ಅಯ್ಯೋ… ಈಗ್ಯಾಕೆ ಅಳು? ಇದು ಗುಳಿಗೇದಾ, ಖುಷೀದಾ?"

"ಗೊತ್ತಿಲ್ಲ… ಯಾವುದಾದ್ರೂ ಆಗ್ಲಿ, ನೀನು ಇಲ್ಲೇ ಇರು."

"ಇರ್ತೀನಿ ಕಣೇ."