ಹಗಲು ಮಲಗುವವನ ಮನೆ

ಆ ಶುಕ್ರವಾರ ಹೊತ್ತು ಮುಳುಗಿದರೂ ಶಿರೀಷ ಮಾಳಿಗೆಯಿಂದ ಕೆಳಗಿಳಿಯಲಿಲ್ಲ. ಅವನ ವೈನಿ, ಅಣ್ಣನ ಹೆಂಡತಿ ವತ್ಸಲಾ, ಚಹಾ ಹಿಡಿದುಕೊಂಡು ಮೇಲೆ ಹೋದಳು. ಮಂಚದ ಮೇಲೆ ಅಂಗಾತ ಬಿದ್ದಿದ್ದ. ಕಣ್ಣು ಅರ್ಧ ತೆರೆದಿದ್ದವು, ತಲೆದಿಂಬು ನೆಲದ ಮೇಲಿತ್ತು. ಕೈ ಮುಟ್ಟಿ ನೋಡಿದಳು — ತಣ್ಣಗಿತ್ತು.

ಬಾದಾಮಿ ಠಾಣೆಯಿಂದ ನಾವು ಹೋಗುವಷ್ಟರಲ್ಲಿ ಓಣಿ ತುಂಬ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು — "ರಕ್ತಾ ಕುಡಿಯಾಂವ ಸತ್ತ!" ನಾನು ಹೆಡ್ ಕಾನ್‌ಸ್ಟೇಬಲ್ ನೀಲಪ್ಪ. ಹೆಣ ನೋಡಿ ನೋಡಿ ನನ್ನ ಎದೆ ಎಂದೋ ಮರಗಟ್ಟಿದೆ. ಅವತ್ತೂ ಏನೂ ಅನಿಸಲಿಲ್ಲ. ಜನರ ಬಾಯಿ ಕೇಳಿ ಮಾತ್ರ ಸಿಟ್ಟು ಬಂತು.

ಪಾಪ, ಹುಡುಗನಿಗೆ ಹುಟ್ಟಿನಿಂದಲೇ ಒಂದು ರೋಗ. ಬಿಸಿಲು ತಾಗಿದರೆ ಮೈಮೇಲೆ ಗುಳ್ಳೆ ಏಳುತ್ತಿದ್ದವು. ಆಗಾಗ ಬಾಗಲಕೋಟೆಗೆ ಹೋಗಿ ರಕ್ತ ಏರಿಸಿಕೊಂಡು ಬರಬೇಕಿತ್ತು. ಹಗಲೆಲ್ಲ ಕಿಟಕಿಗೆ ಕರಿ ಪರದೆ ಬಿಟ್ಟು ಮಲಗುತ್ತಿದ್ದ. ಸಂಜೆಯಾದ ಮೇಲೆ ಹೊಂಡದ ದಂಡೆಗೆ ತಿರುಗಾಡಲು ಹೋಗುತ್ತಿದ್ದ. ಅಲ್ಲಿ ಸಾಲೆಯ ಟೀಚರು ಮಯೂರಿಯ ಗುರುತಾಯಿತು, ಪ್ರೀತಿಯಾಯಿತು. ಬರಬರುತ್ತ ಆ ಹುಡುಗಿ ಬಿಳಿಚಿಕೊಂಡಳು. ಒಮ್ಮೆ ಪಾಠ ಮಾಡುತ್ತಲೇ ತಲೆಸುತ್ತಿ ಬಿದ್ದಳು. ಊರಿಗೆ ಇನ್ನೇನು ಬೇಕು? ಫೋನಿನಲ್ಲಿ ದೆವ್ವದ ಸಿನಿಮಾ ನೋಡಿದವರೆಲ್ಲ ಪಂಡಿತರಾದರು. ಅವಳ ಕುತ್ತಿಗೆಯಲ್ಲಿ ಹಲ್ಲಿನ ಗುರುತಿದೆಯಂತೆ! ಪಕ್ಕದ ಮನೆಯ ಹುಲ್ಲಪ್ಪನಂತೂ ರಕ್ತ ಕುಡಿಯುವ ದೆವ್ವಕ್ಕೆ ಬೆಳ್ಳುಳ್ಳಿ ಆಗದೆಂದು ಶಿರೀಷನ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಚೆಲ್ಲಿ ಬಂದಿದ್ದ.

ದವಾಖಾನೆಯವರು ಹೇಳಿದರು — ಯಾರೋ ಮಧ್ಯಾಹ್ನ ತಲೆದಿಂಬು ಒತ್ತಿ ಉಸಿರು ಕಟ್ಟಿಸಿದ್ದಾರೆ. ಮೈಯಲ್ಲಿ ಕಸುವಿಲ್ಲದ ಹುಡುಗ, ಒದ್ದಾಡಿಯೂ ಇರಲಿಕ್ಕಿಲ್ಲ.

ನಮ್ಮ ಸಬ್ ಇನ್‌ಸ್ಪೆಕ್ಟರ್ ತಬಸುಮ ಮೇಡಂ ಮೊದಲು ಹುಲ್ಲಪ್ಪನನ್ನು ಕರೆಸಿದರು.

"ಬೆಳ್ಳುಳ್ಳಿ ಯಾಕ ಚೆಲ್ಲಿದ್ರಿ?"

"ತಪ್ಪಾತ್ರಿ. ಮನ್ಯಾಗ ಸಣ್ಣ ಹುಡುಗ್ರ ಅದಾವು, ಅಂಜಿಕಿ ಬಂತು."

"ಶುಕ್ರವಾರ ಮಧ್ಯಾಹ್ನ ಎಲ್ಲಿದ್ರಿ?"

"ಕೆರೂರಾಗ, ಬೀಗರ ಮನ್ಯಾಗ. ಬರೂ ಮುಂದ ಶಿರೀಷನ ಅಣ್ಣ ಪಂಢರೀನಾಥ ಮಾಸ್ತರ್ರೂ ಅದ ಬಸ್ಸಿನ್ಯಾಗ ಇದ್ರಲ್ರಿ, ಕೇಳ್ರಿ ಬೇಕಾದ್ರ!"

ಕೇಳಿದೆವು. ಖರೆ ಇತ್ತು. ಪಂಢರೀನಾಥ ಅಂದರೆ ವತ್ಸಲಾಳ ಗಂಡ. ಕೆರೂರಿನ ಸಾಲೆಯಲ್ಲಿ ದಿನವೆಲ್ಲ ಪಾಠ ಮಾಡಿದ್ದ, ಬೀಗರೂ ಹುಲ್ಲಪ್ಪ ಇದ್ದನೆಂದರು. ಅಲ್ಲಿಗೆ ಇಬ್ಬರೂ ಹೊರಗಾದರು.

ಶಿರೀಷನ ಮನೆಯಲ್ಲಿ ಆ ಮಧ್ಯಾಹ್ನ ಇದ್ದವಳು ವತ್ಸಲಾ ಒಬ್ಬಳೇ.

"ಯಾರಾದ್ರೂ ಬಂದಿದ್ರೇನು?" ಮೇಡಂ ಕೇಳಿದರು.

"ಮಯೂರಿ ತಾಯಿ, ಸುಲಭಾ ಅಂತ, ಅವರು ಬಂದಿದ್ರು. ಲಗ್ನದ ಮಾತಾಡ್ಲಿಕ್ಕೆ. ಅವಲಕ್ಕಿ ತಿಂದ್ರು. ನಾ ಚಹಾಕ್ಕ ಇಟ್ಟೆ, ಅಷ್ಟ್ರಾಗ ಹುಡುಗನ್ನ ನೋಡಿ ಬರ್ತೇನಿ ಅಂತ ಮ್ಯಾಲ ಹೋದ್ರು. ಇಳದು ಬಂದು, ಮಲಗ್ಯಾನ, ಎಬ್ಬಿಸ್ಲಿಲ್ಲ, ಛಲೋ ಹುಡುಗ, ಮುಂದಿನ ತಿಂಗಳ ಲಗ್ನಾ ಹಿಡೀರಿ ಅಂದ್ರು."

"ಆಮ್ಯಾಲ?"

ವತ್ಸಲಾ ಸ್ವಲ್ಪ ಮುಖ ಗಂಟು ಹಾಕಿದಳು. "ಚಹಾ ಮುಟ್ಟಲಿಲ್ಲ. ಶುಕ್ರವಾರ ಮುತ್ತೈದಿ ಬಂದಾರ ಅಂತ ಕುಂಕುಮದ ಭರಣಿ ತಂದೆ — ಬ್ಯಾಡ ಅಂತ ಕೈ ಹಿಂದಕ್ಕ ತಗೊಂಡ್ರು. ಬರ್ತೇನಿ ಅಂತನೂ ಅನಲಿಲ್ಲ, ಹಂಗ ಹೊಂಟಬಿಟ್ರು. ಭಾಳ ಸೊಕ್ಕಿನಾಕಿ ಅನ್ಕೊಂಡೆ."

ಬೀಗಿತ್ತಿಯರ ಬಿಗುಮಾನ, ಇದರಲ್ಲೇನಿದೆ ಎಂದು ನಾನು ಆಕಳಿಸಿದೆ. ಮೇಡಂ ಮಾತ್ರ ಅದನ್ನೇ ಇನ್ನೊಮ್ಮೆ ಹೇಳಿಸಿದರು.

ಆಮೇಲೆ ಮಯೂರಿಯನ್ನು ನೋಡಲು ಅವಳ ಸಾಲೆಗೆ ಹೋದೆವು. ಶುಕ್ರವಾರ ಅವಳು ಗಂಟೆ ಹೊಡೆಯುವ ತನಕ ಇಲ್ಲೇ ಇದ್ದಳೆಂದು ಹೆಡ್‌ಮಾಸ್ತರರು ಹೇಳಿದರು. ಕುತ್ತಿಗೆಯಲ್ಲಿ ಗುರುತೂ ಇಲ್ಲ, ಗಿರುತೂ ಇಲ್ಲ. ಮೇಡಂ ಅವಳ ರವಿಕೆಯ ತೋಳು ಮೇಲೆ ಸರಿಸಿದರು. ಮೊಣಕೈ ಒಳಗೆ ಸೂಜಿ ಚುಚ್ಚಿದ ಕಲೆಗಳು.

"ಇದೇನಬೇ?"

"ರಕ್ತಾ ಕೊಟ್ಟೇನಿ. ಅವಗ ಏರಿಸಿದ್ದಕ್ಕ ಬದಲಿ ಯಾರಾದ್ರೂ ಕೊಡಬೇಕಲ್ರಿ?"

"ಇಷ್ಟ ಸಲಾ ತಗೊಳ್ಳಾಂಗಿಲ್ಲ."

"ಬ್ಯಾರೆ ಬ್ಯಾರೆ ಕಡೆ ಹೋಗಿ ಸುಳ್ಳು ಹೇಳ್ತಿದ್ದೆ." ಅವಳ ದನಿಯಲ್ಲಿ ಅಳು ಇರಲಿಲ್ಲ. ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು.

"ನಿಮ್ಮ ಅವ್ವಗ ಗೊತ್ತಿತ್ತೇನು?"

"ಹೋದ ವಾರ ಗೊತ್ತಾತು. ಬೈಲಿಲ್ಲ. ಶುಕ್ರವಾರ ತಾನ ಅವರ ಮನಿಗೆ ಹೋಗಿ ಬಂದ್ಲು. ಬಂದಾಕಿ ಒಳಗ ಬರಲಿಲ್ಲ. ಹಿತ್ತಲದಾಗ ತಲಿಮ್ಯಾಲ ನೀರ ಹಾಕ್ಕೊಂಡು, ಆಮ್ಯಾಲ ಒಳಗ ಬಂದು, ಒಪ್ಪಿಗಿ ಕೊಟ್ಟು ಬಂದೇನಿ ಅಂದ್ಲು."

ಮೇಡಂ ಅಲ್ಲಿಂದ ನೇರವಾಗಿ ಸುಲಭಾಳ ಮನೆಗೆ ಜೀಪು ಬಿಡಿಸಿದರು. ಮಯೂರಿಯೂ ಜೊತೆಗೆ ಬಂದಳು. ಇಳಕಲ್ಲಿನಲ್ಲಿ ನೌಕರಿ ಮಾಡುವ ಅವಳ ಅಪ್ಪ ಇನ್ನೂ ಬಂದಿರಲಿಲ್ಲ. ಸುಲಭಾ ಬಾಗಿಲು ತೆರೆದು, "ಬರ್ರಿ ಒಳಗ" ಎಂದಳು.

ಮೇಡಂ ಕೂರಲಿಲ್ಲ. "ಸಣ್ಣಾಕಿದ್ದಾಗ ನಮ್ಮ ಬಾಜೂಕ ಒಬ್ಬ ಹೆಣ್ಮಗಳಿದ್ರು, ಕಾಕೂ ಅಂತಿದ್ವಿ. ಬಂದ ಮುತ್ತೈದಿಗೆ ಕುಂಕುಮ ಹಚ್ಚದ ಕಳಸ್ತಿದ್ದಿಲ್ಲ. ನಮ್ಮಮ್ಮಿ ಕುಂಕುಮ ಹಚ್ಕೊಳ್ಳಾಕಿ ಅಲ್ಲ ಅಂತ ಆಕಿಗೆ ಹೂವು. ಒಂದ ದಿನಾ ಮಾತ್ರ ಯಾರಿಗೂ ಏನೂ ಕೊಡಲಿಲ್ಲ. ಕಾಕೂನ ಮಾವ ತೀರಿಕೊಂಡ ದಿನಾ. ಅವತ್ತು ಅಲ್ಲಿಗೆ ಬಂದ ಹೆಣ್ಮಕ್ಕಳು ಯಾರೂ ಬರ್ತೇನಿ ಅನಲಿಲ್ಲ, ನೀರ ಸೈತ ಕುಡೀಲಿಲ್ಲ. ಮನಿಗೆ ಹೋಗಿ ಮೈ ತೊಳಕೊಂಡ ಒಳಗ ಹೊಕ್ಕರು."

ಸುಲಭಾ ಸೆರಗು ಬಿಗಿ ಹಿಡಿದಳು.

"ಶುಕ್ರವಾರ ನೀವು ಅವಲಕ್ಕಿ ತಿಂದ್ರಿ. ಮಾಳಗಿ ಹತ್ತಿ ಇಳದ ಮ್ಯಾಲ ಚಹಾ ಮುಟ್ಟಲಿಲ್ಲ. ಕುಂಕುಮ ಬ್ಯಾಡ ಅಂದ್ರಿ. ಬರ್ತೇನಿ ಅನಲಿಲ್ಲ. ಮನಿಗೆ ಬಂದು ಹಿತ್ತಲದಾಗ ತಲಿಗೆ ನೀರ ಹಾಕ್ಕೊಂಡ್ರಿ. ಅದು ಸಾವಿನ ಮನಿ ಅಂತ ಸಂಜಿತನಕಾ ಆ ಮನಿಯವರಿಗೇ ಗೊತ್ತಿರಲಿಲ್ಲ, ಸುಲಭಾಬಾಯಿ. ನಿಮಗ ಹೆಂಗ ಗೊತ್ತಿತ್ತು?"

"ಮ್ಯಾಲ ಹೋದಾಗ ಅವ — ಅವ ಆಗ್ಲೇ —"

"ಸತ್ತಿದ್ದನೇನು? ಹಂಗಿದ್ರ ಚೀರಬೇಕಿತ್ತು. ಲಗ್ನಾ ಹಿಡೀರಿ ಅಂತ ಯಾಕ ಅಂದ್ರಿ?"

ವತ್ಸಲಾಳ ಮಾತು ನಾನೂ ಕೇಳಿದ್ದೆ. ದಿನಾ ನಮ್ಮ ಮನೆಯಲ್ಲೂ ನಡೆಯುವ ರೀತಿ, ಅದಕ್ಕೇ ಕಣ್ಣಿಗೆ ಬೀಳಲಿಲ್ಲ. ಕೊಲೆ ಮಾಡಲು ಆ ಕೈ ನಡುಗಿರಲಿಲ್ಲ. ಹೆಣವಿದ್ದ ಮನೆಯಲ್ಲಿ ಕುಂಕುಮ ತೆಗೆದುಕೊಂಡರೆ ಗಂಡನಿಗೆ ಕೇಡೆಂದು ಅದೇ ಕೈ ಹಿಂದೆ ಸರಿದಿತ್ತು.

"ಹೌದ್ರಿ, ನಾನ," ಎಂದಳು ಸುಲಭಾ. "ನನ್ನ ಮಗಳು ಕಣ್ಮುಂದ ಕರಗಲಿಕತ್ತಿದ್ಲು. ಬ್ಯಾಡ ಅಂದ್ರ ಕೇಳಾಕಿ ಅಲ್ಲ. ಅವ ಇರೂತನಕಾ ಈಕಿ ಕೊಟ್ಟ ಕೊಡ್ತಿದ್ಲು. ನೋಡ್ಕೋತ ಕೂಡ್ಲೇನು? ನನಗ ನನ್ನ ಮಗಳು ಬೇಕಾಗಿದ್ಲು."

ಮಯೂರಿ ಕಂಬಕ್ಕೆ ಆತು ನಿಂತಿದ್ದಳು.

"ಅವ್ವಾ, ಅವ ನನ್ನ ತೋಳು ನೋಡಿದ ದಿನಾನ ರಕ್ತಾ ಏರಿಸ್ಕೊಳ್ಳೂದು ಬಿಟ್ಟಿದ್ದ. ಎಷ್ಟು ಹೇಳಿದ್ರೂ ದವಾಖಾನಿಗೆ ಹೋಗ್ಲಿಲ್ಲ. ಹಿಂಗಾದ್ರ ಭಾಳ ದಿನಾ ಉಳಿಯಾಂಗಿಲ್ಲ ಅಂತ ಡಾಕ್ಟರೂ ಹೇಳಿದ್ರು." ದನಿ ಏರಲಿಲ್ಲ, ಇಳಿಯಲಿಲ್ಲ. "ನಾ ಉಳೀಲಿ ಅಂತ ಅವ ಆಗ್ಲೇ ಸಾಯ್ಲಿಕ್ಕೆ ಹತ್ತಿದ್ದ."

ಸುಲಭಾ ನಿಂತಲ್ಲೇ ಕೂತಳು. ಅಳಲಿಲ್ಲ. ನಾವು ಎಬ್ಬಿಸಿದಾಗ ಎದ್ದಳು, ನಡೆ ಎಂದಾಗ ನಡೆದಳು. ಜೀಪು ಹತ್ತುವ ಮುಂದೆ ಹೊರಳಿ ನೋಡಿ, "ಅನ್ನಾ ಮಾಡಿಟ್ಟೇನಿ, ಉಣ್ಣು. ಮೈಯಾಗ ರಕ್ತಿಲ್ಲ ನಿನಗ," ಎಂದಳು.

ಮಯೂರಿ ಒಳಗೆ ಹೋಗಿ ತಾಟು ಹಾಕಿಕೊಂಡು ಕೂತಳು. ಒಂದು ತುತ್ತು ಕಲಸಿದಳು, ಬಾಯಿಗೆ ಒಯ್ಯಲಿಲ್ಲ. ನಾನು ಜೀಪು ಚಾಲೂ ಮಾಡುವ ತನಕ ಆ ತುತ್ತು ಅವಳ ಕೈಯಲ್ಲೇ ಇತ್ತು.